ಬಿಚ್ಚಿಬಿಟ್ಟ ಹಸು

ಪುರಿಯಿಂದ ಹೊರಟ ನಮ್ಮ ಯಾತ್ರೆ ಬಸ್ಸು ಕಡಲ ದಂಡೆಯ ಹಳ್ಳಿಯೊಂದರಲ್ಲಿ ಬಿಸಿಯಾಗಿ ನಿಂತುಬಿಟ್ಟಿತು. ಸಂಜೆಗೆ ಚಂಡಮಾರುತ ಬರುತ್ತದೆ ಎಂದು ಊರಿನವರೆಲ್ಲ ಗಂಟುಮೂಟೆ ಹೊತ್ತು ಎತ್ತರದ ಶಾಲೆಯ ಕಡೆ ನಡೆಯುತ್ತಿದ್ದರು. ನಮ್ಮ ಡ್ರೈವರ್ ಮಾತ್ರ ನಿಧಾನವಾಗಿ ರೇಡಿಯೇಟರಿಗೆ ನೀರು ಹುಡುಕುತ್ತಿದ್ದ. ಅವನನ್ನು ಬೈದು ಬೈದು ನನಗೇ ಸಾಕಾಗಿತ್ತು.

ಜೊತೆಗಿದ್ದ ಗೋವಿನಕೋವಿಯ ರೈತ ರುದ್ರಣ್ಣ ಬಸ್ಸಿಳಿದವನೇ, ಖಾಲಿ ಗುಡಿಸಲಿನ ಮುಂದೆ ಅಡ್ಡಾಡುತ್ತಿದ್ದ ಹಸುವನ್ನು ಹಿಡಿದು, ಅಲ್ಲೇ ಬಿದ್ದಿದ್ದ ಹಗ್ಗದಿಂದ ಗೂಟಕ್ಕೆ ಬಿಗಿದ.

"ಪಾಪ, ಗಡಿಬಿಡಿಯಾಗೆ ಕಟ್ಟಾಕೆ ಮರ್ತಾರೆ ನೋಡ್ರಿ. ಯಾರದಾರ ಹೊಲಕ್ಕೆ ನುಗ್ಗಿದ್ರೆ ಜಗಳ ಆಗ್ತೈತೆ," ಅಂದ. ಒಳ್ಳೆಯ ಕೆಲಸ ಮಾಡಿದನೆಂದೇ ನನಗೂ ಅನ್ನಿಸಿತು.

ಅಷ್ಟರಲ್ಲಿ ಶಾಲೆಯ ದಾರಿಯಿಂದ ಒಬ್ಬ ಹೆಂಗಸು ಕೂಗುತ್ತ ಓಡಿಬಂದಳು. ಅವಳ ಮಾತು ನಮಗೆ ತಿಳಿಯಲಿಲ್ಲ. ಅವಳು ಕಡಲನ್ನು ತೋರಿಸಿದಳು, ಅಂಗೈಯನ್ನು ಮೊಣಕಾಲಿನಿಂದ ಏರಿಸುತ್ತ ಕೊರಳಿಗೆ ತಂದಳು, ಆಮೇಲೆ ಗೂಟದ ಕಡೆ ಬೆರಳು ಮಾಡಿದಳು.

ರುದ್ರಣ್ಣನ ಮುಖ ಬಿಳಿಚಿಕೊಂಡಿತು. "ಅಯ್ಯೋ ಶಿವನೇ! ನೀರು ಬಂದ್ರೆ ಈಜಿ ಬದುಕ್ಲಿ ಅಂತ ಬಿಟ್ಟಾಳ್ರೀ. ನಾನು ನೋಡಿದ್ರೆ ಹಿಂಗೆ ಬಿಗಿದ್ನಲ್ಲ!"

ಅವನೇ ಗಂಟು ಬಿಚ್ಚಿದ. ಹೆಂಗಸು ಹಸುವಿನ ಹಣೆ ಸವರಿ, ಹಿಂದೆ ತಿರುಗಿ ನೋಡದೆ ಹೋದಳು. ಹಸು ಮಾತ್ರ ಗೂಟದ ಹತ್ತಿರವೇ ನಿಂತಿತ್ತು.

"ಹೋಗವ್ವಾ, ಎಲ್ಲಿಗಾದ್ರೂ ಹೋಗು," ಎಂದು ರುದ್ರಣ್ಣ ಅದರ ಬೆನ್ನಿಗೆ ಹೊಡೆದ. ಹುಟ್ಟಿದಾಗಿನಿಂದ ದನ ಕಟ್ಟಿಯೇ ಗೊತ್ತಿದ್ದ ಕೈ ಅದು.

ಡ್ರೈವರ್ ಹಾರ್ನ್ ಮಾಡಿದ. ನಾವು ಹತ್ತಿದೆವು. ಹಸು ರುದ್ರಣ್ಣನ ಹಿಂದೆಯೇ ಬಂದು ಬಸ್ಸಿನ ಮೆಟ್ಟಿಲ ಬಳಿ ನಿಂತಿತು.