ತಡವಾಗದೆ ಬಂದ ಬೀದರಿನ ಅಳು

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳು ಇಳಿಯುವ ಹೊತ್ತಿಗೆ ಶೈಲಜಮ್ಮ ಡೇಟಾ ಲೈನ್ ಕಚೇರಿಯ ಬೀಗ ತೆಗೆದಿರುತ್ತಾರೆ. ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ದೂರದೂರುಗಳಿಗೆ ಹೋಗುವ ಲೈನುಗಳಲ್ಲಿ ಪುಟ್ಟ ಸಂದೇಶ ಬಿಟ್ಟು, ಅದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು ಅವರ ಕೆಲಸ. ಅಳತೆ ಮಿಲಿಸೆಕೆಂಡಿನಲ್ಲಿ, ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲೊಂದು ಚೂರು.

"ಕೇಬಲ್ ಯಾವ್ಯಾವ ಊರ ಮೇಲೆ ಹೋಗತ್ತೆ ಅಂತ ಮೊದ್ಲು ನಕ್ಷೆ ನೋಡ್ತೀನಿ. ಇಷ್ಟು ಹೊತ್ತಾಗ್ಬೇಕು ಅಂತ ಅಂದಾಜು ಮಾಡ್ಕೊಂಡು ಆಮೇಲೆ ಟೆಸ್ಟ್ ಮಾಡ್ತೀನಿ. ಎರಡೂ ಹೊಂದ್ಲಿಲ್ವಾ, ಎಲ್ಲೋ ಎಡವಟ್ಟಾಗಿದೆ ಅಂತರ್ಥ," ಎನ್ನುತ್ತಾರೆ.

ಹಿಂದೆ ಅವರು ದೂರದೂರಿನ ಫೋನ್ ಕರೆಗಳನ್ನು ಕೈಯಾರೆ ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್. ತೊಂಬತ್ತರ ದಶಕದಲ್ಲಿ ಜನರೇ ನೇರವಾಗಿ ನಂಬರ್ ತಿರುಗಿಸುವ ಎಸ್‌ಟಿಡಿ ಬೂತುಗಳು ಬೀದಿಗೊಂದರಂತೆ ಎದ್ದಾಗ ಆ ಕೆಲಸವೇ ಇಲ್ಲವಾಯಿತು. ಜೊತೆಯವರು ಮನೆ ಸೇರಿದರು. ಗಂಡನನ್ನು ಕಳೆದುಕೊಂಡಿದ್ದ ಶೈಲಜಮ್ಮನಿಗೆ ಅದು ಆಗದ ಮಾತು. ಹಗಲು ಸೀರೆ ಅಂಗಡಿಯಲ್ಲಿ ದುಡಿದು, ಸಂಜೆ ಮಲ್ಲೇಶ್ವರದ ಕಂಪ್ಯೂಟರ್ ಕ್ಲಾಸಿಗೆ ಹೋದರು. "ಕ್ಲಾಸಲ್ಲಿ ಎಲ್ರೂ ಆಂಟಿ ಅಂತಿದ್ರು. ಅನ್ನಲಿ ಬಿಡಿ, ಪಾಠ ಒಂದೇ ತಾನೇ!"

ಕಳೆದ ವರ್ಷ, ೨೦೦೨ರಲ್ಲಿ, ಚಾಮರಾಜಪೇಟೆಯ ಮಕ್ಕಳ ಆಸ್ಪತ್ರೆಯೊಂದಕ್ಕೂ ಬೀದರಿನ ಹೆರಿಗೆ ಆಸ್ಪತ್ರೆಗೂ ವಿಡಿಯೋ ಲೈನ್ ಹಾಕಿದ್ದರು. ಆದರೆ ಇಲ್ಲಿನ ವೈದ್ಯರ ಮಾತು ಅಲ್ಲಿಗೆ ತಡವಾಗಿ ಮುಟ್ಟುತ್ತಿತ್ತು. ಮಾತಿನ ಮೇಲೆ ಮಾತು ಬೀಳುತ್ತಿತ್ತು. ಬೀದರ್ ದೂರ, ಏನು ಮಾಡಲಾದೀತು ಎಂದು ಎಲ್ಲರೂ ಸುಮ್ಮನಾದರು. ಶೈಲಜಮ್ಮ ಸುಮ್ಮನಾಗಲಿಲ್ಲ. ಅವರ ಅಂದಾಜು ಇಪ್ಪತ್ತು ಮಿಲಿಸೆಕೆಂಡ್. ಪರದೆಯ ಮೇಲೆ ಬಂದದ್ದು ಆರುನೂರರ ಹತ್ತಿರ.

"ಸಾರ್, ಇದು ನೆಲದ ಮೇಲೆ ಹೋಗ್ತಿಲ್ಲ. ಇಷ್ಟು ಹೊತ್ತು ಹಿಡೀಬೇಕಾದ್ರೆ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಕ್ಕೆ ಹತ್ತಿ ಇಳೀತಿದೆ," ಎಂದರು ಎಂಜಿನಿಯರ್ ಬದರೀನಾರಾಯಣರಿಗೆ.

ಅವರು ಕೂಡಲೇ ಫೋನೆತ್ತಿದರು. ಹಿಂದೊಮ್ಮೆ ಕೇಬಲ್ ತುಂಡಾದಾಗ ಲೈನನ್ನು ಉಪಗ್ರಹದ ಕಡೆ ತಿರುಗಿಸಿದವರು ವಾಪಸು ತರುವುದನ್ನೇ ಮರೆತಿದ್ದರು. ಸಂಜೆಯೊಳಗೆ ಲೈನು ನೆಲಕ್ಕಿಳಿಯಿತು.

ಅದೇ ವಾರ ಬೀದರಿನಲ್ಲಿ ಹುಟ್ಟಿದ ಕೂಸೊಂದು ಉಸಿರಾಡಲಿಲ್ಲ. ಲೈನು ನೋಡಲು ಬಂದಿದ್ದ ಶೈಲಜಮ್ಮ ಚಾಮರಾಜಪೇಟೆಯ ಆಸ್ಪತ್ರೆಯ ವಿಡಿಯೋ ಕೋಣೆಯಲ್ಲೇ ಇದ್ದರು. ಡಾಕ್ಟರ್ ಪ್ರಿಯಂವದಾ ಪರದೆ ನೋಡುತ್ತ "ಒತ್ತಿ... ಬಿಡಿ... ಒತ್ತಿ" ಎಂದಂತೆಲ್ಲ ಅಲ್ಲಿನ ನರ್ಸ್ ಕೂಸಿನ ಬಾಯಿಗಿಟ್ಟ ಗಾಳಿಚೀಲ ಹಿಸುಕುತ್ತಿದ್ದರು. ಮಾತಿಗೂ ಕೈಗೂ ನಡುವೆ ಅಂತರವೇ ಇರಲಿಲ್ಲ. ಕೊನೆಗೆ ಕೂಸು ಕಿಟಾರನೆ ಕಿರುಚಿತು.

"ಅತ್ತೇಬಿಡ್ತು ಕಣ್ರೀ ಶೈಲಜಮ್ಮ!" ಎಂದ ಡಾಕ್ಟರ್, ಇವರ ಎರಡೂ ಕೈ ಹಿಡಿದುಕೊಂಡರು.

ಈಗ ಬಳ್ಳಾರಿ, ರಾಯಚೂರಿನ ಲೈನುಗಳೂ ಅವರ ಕೈಗೆ ಬಂದಿವೆ. ಬೀದರನ್ನು ಮಾತ್ರ ಅವರಿನ್ನೂ ಕಣ್ಣಾರೆ ನೋಡಿಲ್ಲ. "ಮಗು ಓಡಾಡ್ತಿದೆಯಂತೆ. ಒಂದ್ಸಲ ಹೋಗಿ ಎತ್ಕೋಬೇಕು," ಎಂದವರು ನಕ್ಕು ಸೇರಿಸುತ್ತಾರೆ: "ಅದರ ಮೊದಲ್ನೇ ಅಳು ಅವರಮ್ಮಂಗೆ ಕೇಳಿದಾಗ್ಲೇ ಇಲ್ಲಿ ನಂಗೂ ಕೇಳ್ತು ನೋಡಿ!"