ಎರಡನೇ ಭಾಗದ ಬೆಲೆ

ಗೆಳೆಯ ತೀರಿಕೊಂಡ ಹದಿನಾಲ್ಕನೇ ದಿನ ಅವನ ಹೆಂಡತಿ ಫೋನು ಮಾಡಿ, ಮನೆಯಲ್ಲಿರುವ ಕಾಮಿಕ್ಸ್ ಪುಸ್ತಕಗಳಿಗೆಲ್ಲ ನೀವೇ ಬೆಲೆ ಬರೆದುಕೊಡಬೇಕು ಎಂದು ಕೇಳಿದರು. ಆಗಲಿ ವೈನಿ ಎಂದೆ; ಅತ್ತಿಗೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಫೋನು ಕೆಳಗಿಟ್ಟಾಗ ನನಗೆ ಮೊದಲು ನೆನಪಾದದ್ದು ಗೆಳೆಯನಲ್ಲ, ಅವನ ಕಪಾಟಿನಲ್ಲಿದ್ದ ಒಂದು ಪುಸ್ತಕ. ನಾಚಿಕೆಯ ಮಾತೇ, ಆದರೆ ನಡೆದದ್ದು ಹಾಗೆ.

ಅವನು ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದ. ನಾನು ಇಂಟರ್ ತನಕ ಓದಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಈಗ ನಿವೃತ್ತನಾಗಿ ಮಿಯಾಪುರದಲ್ಲಿದ್ದೇನೆ. ಇಬ್ಬರ ಮನೆತನವೂ ಕಲಬುರಗಿ ಕಡೆಯದು, ಹೊಟ್ಟೆಪಾಡಿಗೆ ಈ ತೆಲುಗರ ಊರಿಗೆ ಬಂದದ್ದು. ಹದಿನಾರು ವರ್ಷದ ಹಿಂದೆ ಒಂದು ರವಿವಾರ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯೊಂದಕ್ಕೆ ಎರಡು ಕಡೆಯಿಂದ ಇಬ್ಬರೂ ಬಗ್ಗಿದ್ದೆವು. ಎದ್ದಾಗ ನನ್ನ ಕೈಯಲ್ಲಿ ಒಂದು ಕನ್ನಡ ಕಾಮಿಕ್ಸಿನ ಮೊದಲನೇ ಭಾಗ, ಅವನ ಕೈಯಲ್ಲಿ ಎರಡನೇ ಭಾಗ. ಗದಗಿನ ಯಾವುದೋ ಸಣ್ಣ ಪ್ರೆಸ್ಸಿನವರು ಅಚ್ಚು ಹಾಕಿ, ಆಮೇಲೆ ಪ್ರೆಸ್ಸನ್ನೇ ಮುಚ್ಚಿದ್ದರು. ಆ ಪುಸ್ತಕದ ಬೇರೆ ಪ್ರತಿಯನ್ನು ನಾವ್ಯಾರೂ ಕಂಡಿಲ್ಲ.

ಕಥೆ ಇಷ್ಟು. ಒಂದು ಹಡಗಿನಲ್ಲಿ ವಜ್ರ ಕಳವಾಗುತ್ತದೆ. ಐದು ಜನ ಪ್ರಯಾಣಿಕರು, ಐವರ ಮೇಲೂ ಸಂಶಯ. ಮೊದಲನೇ ಭಾಗದ ಕೊನೆಯಲ್ಲಿ ಕಪ್ತಾನ ಎಲ್ಲರನ್ನೂ ಮೇಲಿನ ಡೆಕ್ಕಿಗೆ ಕರೆಸುತ್ತಾನೆ. ಕಳ್ಳ ಯಾರೆಂಬುದು ಎರಡನೇ ಭಾಗದಲ್ಲಿ.

ನಿನ್ನದನ್ನು ನನಗೆ ಕೊಡು ಎಂದು ಅವತ್ತೇ ಕೇಳಿದೆ. ಅವನೂ ಅದನ್ನೇ ಕೇಳಿದ. ಅಲ್ಲಿಂದ ಶುರುವಾದ ಚೌಕಾಶಿ ಹದಿನಾರು ವರ್ಷ ನಡೆಯಿತು.

"ನಿನ್ನ ಹತ್ರ ಬರೇ ಕಳವು ಐತಿ. ಕಳ್ಳ ನನ್ನ ಹತ್ರ ಅದಾನ," ಎಂದು ಅವನು ಹೇಳುತ್ತಿದ್ದ. "ಯಾವುದರ ಬೆಲಿ ಹೆಚ್ಚು, ನೀನ ಹೇಳಲೇ."

"ಕಳವ ಆಗದಿದ್ರ ಕಳ್ಳ ಎಲ್ಲಿಂದ ಬರ್ತಾನಪಾ?" ಎಂದು ನಾನು.

ಹಾಗಾದರೆ ಸುಮ್ಮನೆ ತೆಗೆದು ಓದಿಬಿಡಬಾರದಿತ್ತೇ ಎಂದು ಹೊರಗಿನವರು ಕೇಳುತ್ತಾರೆ. ಹಳೇ ಕಾಮಿಕ್ಸ್ ಕೂಡಿಡುವ ನಮ್ಮಂಥವರಲ್ಲಿ ಕೆಲವು ರೀತಿ ರಿವಾಜು ಇವೆ. ಒಳ್ಳೆಯ ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ ಇರುತ್ತದೆ, ಇನ್ನೊಬ್ಬರ ಕವರು ಬಿಚ್ಚಿದರೆ ಅರ್ಧ ಕೊಂಡಂತೆ. ಬಿಚ್ಚಿ ಓದಿ, ಬೇಡವೆಂದು ತಿರುಗಿ ಕೊಟ್ಟವನಿಗೆ ಮುಂದಿನ ರವಿವಾರ ಯಾರೂ ಚಹಾ ಹೇಳುವುದಿಲ್ಲ. ಹರಿದ ಹಾಳೆ ಇದ್ದರೆ ಕೇಳುವ ಮೊದಲೇ ಹೇಳಬೇಕು. ಇವೆಲ್ಲ ಎಲ್ಲಿಯೂ ಬರೆದಿಟ್ಟಿದ್ದಲ್ಲ. ಆದರೆ ನಮ್ಮಲ್ಲಿ ಒಬ್ಬ ಬ್ಯಾಂಕಿನ ಸಾಲ ಮುಳುಗಿಸಿದವನಿದ್ದಾನೆ, ಅವನೂ ಈ ಮಾತು ಮೀರಿಲ್ಲ.

ಹೀಗಾಗಿ ಎರಡನೇ ಭಾಗವನ್ನು ಹದಿನಾರು ವರ್ಷವೂ ನಾನು ಕವರಿನ ಮೇಲಿನಿಂದಲೇ ನೋಡಿದೆ. ಕಳ್ಳ ಯಾರೆಂದು ಕೇಳಿದರೆ ಅವನು ಪ್ರತಿ ವರ್ಷ ಒಬ್ಬೊಬ್ಬರನ್ನು ಹೇಳುತ್ತಿದ್ದ. ಒಂದು ಯುಗಾದಿಗೆ ಅಡುಗೆಯವನು, ಇನ್ನೊಂದಕ್ಕೆ ಡಾಕ್ಟರು, ಮತ್ತೊಂದಕ್ಕೆ ಖುದ್ದು ಕಪ್ತಾನ. ಒಂದು ಸಲವಂತೂ ಕಳವೇ ಆಗಿರಲಿಲ್ಲ, ವಜ್ರ ಒಡತಿಯ ತುರುಬಿನಲ್ಲೇ ಸಿಕ್ಕಿಕೊಂಡಿತ್ತು ಎಂದ. ಅದನ್ನು ನಾನು ಪೂರ್ತಿ ಎರಡು ತಿಂಗಳು ನಂಬಿದ್ದೆ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವನ ಮೂಗಿಗೆ ನಳಿಗೆ ಹಾಕಿದ್ದರು. ಕೈಸನ್ನೆ ಮಾಡಿ ಹತ್ತಿರ ಕರೆದ. ಬಗ್ಗಿದೆ. "ಗಿಳಿ," ಎಂದ. ಪಕ್ಕದಲ್ಲಿದ್ದ ನರ್ಸು, ಯಜಮಾನರಿಗೆ ಬುದ್ಧಿ ತಪ್ಪುತ್ತಿದೆ ಎಂಬಂತೆ ನನ್ನ ಮುಖ ನೋಡಿದಳು. ಬುದ್ಧಿ ತಪ್ಪಿರಲಿಲ್ಲ. ಈ ವರ್ಷದ ಕಳ್ಳ ಗಿಳಿ. ನನಗೆ ಅವನು ಆಡಿದ ಕಡೇ ಮಾತು ಅದು.

ಈಗ ಬೆಲೆ ಬರೆಯುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹದಿಮೂರು ದಿನ ಅವರ ಪುಸ್ತಕದ ಸುದ್ದಿ ಎತ್ತಬಾರದು. ಆಮೇಲೆ ಹತ್ತಿರದ ಗೆಳೆಯನೊಬ್ಬ ಪ್ರತಿ ಪುಸ್ತಕದ ಪುಟ ಎಣಿಸಿ, ಬೆಲೆಯನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಕವರಿಗೆ ಅಂಟಿಸಬೇಕು. ಬೆಲೆ ಬರೆದವನು ತಾನು ಒಂದನ್ನೂ ಕೊಳ್ಳಬಾರದು. ಕೊಳ್ಳುವ ಆಸೆ ಇದ್ದವನ ಪೆನ್ಸಿಲು ಕೆಳಗೇ ಜಾರುತ್ತದೆ, ವಿಧವೆಗೆ ಮೋಸವಾಗುತ್ತದೆ ಎಂಬ ಕಾರಣಕ್ಕೆ ಮಾಡಿದ ರಿವಾಜು. ಒಂದೇ ಒಂದು ಸಂದು ಇದೆ: ದೀಪ ಹಚ್ಚುವ ಹೊತ್ತಿನ ತನಕ ಯಾರೂ ಕೇಳದೆ ಉಳಿದ ಪುಸ್ತಕವನ್ನು, ಬರೆದ ಬೆಲೆಗೇ, ಬರೆದವನೂ ಕೇಳಬಹುದು.

ಆ ಸಂದಿನಲ್ಲಿ ನುಸುಳಬೇಕೆಂದು ಫೋನು ಇಟ್ಟ ಗಳಿಗೆಯಲ್ಲೇ ನಿಶ್ಚಯಿಸಿದೆ.

ಮೂರು ದಿನ ಅವರ ಮನೆಗೆ ಹೋಗಿ ಜಮಖಾನೆಯ ಮೇಲೆ ಕೂತು ಬೆಲೆ ಬರೆದೆ. ಅವನು ಪ್ರತಿ ಕವರಿನಲ್ಲೂ ಗೆದ್ದಲು ಬಾರದಿರಲೆಂದು ಬೇವಿನ ಎಲೆ ಇಟ್ಟಿದ್ದ. ಎಲ್ಲ ಪುಸ್ತಕದ ಪುಟಗಳನ್ನೂ ಎರಡೆರಡು ಸಲ ಎಣಿಸಿದೆ. ಒಂದನ್ನು ಬಿಟ್ಟು. ಅದರ ಕವರು ಬಿಚ್ಚಿದರೆ ಓದದೆ ಇರಲಾರೆ, ಓದಿದರೆ ಅರ್ಧ ಕೊಂಡಂತೆ, ಕೊಳ್ಳುವ ಹಕ್ಕು ನನಗಿಲ್ಲ. ಇಷ್ಟೆಲ್ಲ ಧರ್ಮಸೂಕ್ಷ್ಮ ಯೋಚಿಸಿದ ಮನುಷ್ಯ, ಮುನ್ನೂರು ರೂಪಾಯಿಗೆ ಮೇಲಾಗದ ಆ ಪುಸ್ತಕಕ್ಕೆ ನಾಲ್ಕು ಸಾವಿರ ಎಂದು ಬರೆದ. ಯಾರೂ ಹತ್ತಿರ ಸುಳಿಯಲಾರರು, ದೀಪ ಹಚ್ಚಿದ ಮೇಲೆ ನಾನೇ ನಾಲ್ಕು ಸಾವಿರ ಎಣಿಸಿ ಮನೆಗೆ ಒಯ್ಯುತ್ತೇನೆ, ವೈನಿಗೂ ನಾಲ್ಕು ಕಾಸು ಹೆಚ್ಚು ಬಂದಂತಾಯಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಒಂದು ಸಂಗತಿ ಮರೆತಿದ್ದೆ. ನಮ್ಮ ಗುಂಪಿನಲ್ಲಿ ನಾನು ಜುಗ್ಗ ಎಂದು ಹೆಸರಾದವನು. ಶನಿವಾರ ಚೀಟಿ ಕಾಣುವಂತೆ ಫೋಟೋ ತೆಗೆದು ಮೊಬೈಲಿನ ಗುಂಪಿಗೆ ಹಾಕಿದ್ದೇ ತಡ, ಎಲ್ಲರೂ ಒಂದೇ ಲೆಕ್ಕ ಹಾಕಿದರು: ಈ ಮನುಷ್ಯ ನಾಲ್ಕು ಸಾವಿರ ಬರೆದಿದ್ದಾನೆ ಎಂದರೆ ಅದು ಹತ್ತು ಸಾವಿರದ ಮಾಲು.

ರವಿವಾರ ಹತ್ತು ಗಂಟೆಗೆಲ್ಲ ಸನತ್‌ನಗರದ ಆ ಸಣ್ಣ ಹಾಲಿನ ಬಾಗಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ. ಎಲ್ಲರಿಗಿಂತ ಮೊದಲು ಜೆರಾಕ್ಸ್ ಅಂಗಡಿ ಇಟ್ಟಿರುವ ತೆಲುಗಿನ ಹಿರಿಯರು ಬಂದು, ಗೋಡೆಯ ಮೇಲಿನ ಫೋಟೋಕ್ಕೆ ಕೈಮುಗಿದು, ಮುಗಿದ ಕೈಯನ್ನು ಹಾಗೇ ಇಳಿಸಿ ಎರಡನೇ ಭಾಗದ ಮೇಲೆ ಇಟ್ಟರು. ಕನ್ನಡ ಓದಲು ಬಾರದವರು ಅವರು. ಅವರ ಹಿಂದೆಯೇ ಮಾದಾಪುರದಲ್ಲಿ ಕೆಲಸ ಮಾಡುವ ಇಂಜಿನಿಯರ್ ಬಂದ. ಮೂಲ ಬೀದರ ಕಡೆಯವನು, ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನು.

"ಅಂಕಲ್, ಅದು ನಂದು. ನಿನ್ನೆನ ಗ್ರೂಪಿನ್ಯಾಗ ಹಾಕೀನಿ," ಎಂದ.

ಮೊಬೈಲಿನಲ್ಲಿ ಹೇಳಿದ್ದು ಮಾತಲ್ಲ, ಕೈ ಇಟ್ಟಿದ್ದೇ ಮಾತು ಎಂದು ಜೆರಾಕ್ಸಿನವರು ತೆಲುಗು ಹಿಂದಿ ಬೆರೆಸಿ ವಾದಿಸಿದರು. ಫುಟ್‌ಪಾತಿನ ಕಾಲದಿಂದ ಕೈಯೇ ಪ್ರಮಾಣ ಎಂದರು. ಹಾಗಾದರೆ ಫುಟ್‌ಪಾತಿಗೇ ಹೋಗಿ ಕೊಳ್ಳಿರಿ ಎಂದು ಇಂಜಿನಿಯರ್ ತಿರುಗಿಸಿದ. ಬರೆದ ಬೆಲೆಯನ್ನು ಏರಿಸುವಂತಿಲ್ಲವಾದ್ದರಿಂದ ಇಬ್ಬರೂ ಬೆಲೆಯ ಬದಲು ದನಿ ಏರಿಸಿದರು. ಉಳಿದವರು ಎರಡು ಪಕ್ಷವಾದರು. ನಾನು ಯಾವ ಪಕ್ಷಕ್ಕೂ ಸೇರದೆ, ಇಬ್ಬರೂ ಸಿಟ್ಟಿನಿಂದ ಎದ್ದು ಹೋಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಕೂತೆ. ದೀಪ ಹಚ್ಚಲು ಇನ್ನೂ ಎಂಟು ತಾಸಿತ್ತು.

ವೈನಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಥದ್ದೇನಿದೆ ಅದರಲ್ಲಿ, ಬಿಚ್ಚಿ ನೋಡಬಾರದೇ ಎಂದರು. ಯಜಮಾನಿಯೇ ಹೇಳಿದ ಮೇಲೆ ಇಂಜಿನಿಯರ್ ಕವರು ಬಿಚ್ಚಿ, ಬೆರಳು ನಾಲಿಗೆಗೆ ಹಚ್ಚದೆ, ಶಿಸ್ತಾಗಿ ಎಣಿಸತೊಡಗಿದ. ಇರಬೇಕಾದದ್ದು ಮೂವತ್ತೆರಡು ಪುಟ. ಮೂವತ್ತಕ್ಕೆ ನಿಂತ. ಮತ್ತೆ ಎಣಿಸಿದ. ಮತ್ತೆ ಮೂವತ್ತು. ರಟ್ಟಿನ ಒಳಗೆ, ಪಿನ್ನಿನ ಪಕ್ಕದಲ್ಲಿ, ಹರಿದ ಹಾಳೆಯ ಒಂದು ಎಳೆ ಮಾತ್ರ ಇತ್ತು. ಕೊನೆಯ ಹಾಳೆ ಇರಲಿಲ್ಲ.

ಆಮೇಲೆ ನಡೆದ ಸೌಜನ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಜೆರಾಕ್ಸಿನವರು ಮೆಲ್ಲಗೆ ಕೈ ತೆಗೆದು, "ಮೀರೇ ಮುಂದು ಸಾರ್, ಮೀದೇ," ನೀವೇ ಮೊದಲು, ನಿಮ್ಮದೇ, ಎಂದು ಪುಸ್ತಕವನ್ನು ಇಂಜಿನಿಯರ್ ಕಡೆ ಸರಿಸಿದರು. "ಇಲ್ಲರೀ, ಹಿರ್ಯಾರು ಕೈ ಇಟ್ಟೀರಿ. ನಿಮ್ಮದ," ಎಂದು ಅವನು ತಿರುಗಿ ಸರಿಸಿದ. ಎರಡು ಪಕ್ಷದವರೂ ಈಗ ಎದುರಿನ ಪಕ್ಷದ ವಾದವೇ ನ್ಯಾಯವಾದದ್ದೆಂದು ಒಪ್ಪಿಕೊಂಡರು. ಪುಸ್ತಕ ಜಮಖಾನೆಯ ಮೇಲೆ ಆ ಕಡೆ ಈ ಕಡೆ ಜಾರಿ, ಕಡೆಗೆ ನನ್ನ ಮೊಣಕಾಲಿನ ಮುಂದೆ ಬಂದು ನಿಂತಿತು.

ಎಲ್ಲರೂ ನನ್ನನ್ನು ನೋಡಿದರು. ಎಣಿಸದೆ ಬೆಲೆ ಬರೆಯುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಉಳಿದ ಪುಸ್ತಕಗಳು ಮಧ್ಯಾಹ್ನದೊಳಗೆ ಒಳ್ಳೆಯ ಬೆಲೆಗೆ ಹೋದವು, ಎಲ್ಲರೂ ಎಣಿಸಿ ನೋಡಿಯೇ ಒಯ್ದರು.

ಮಂದಿ ಹೋದ ಮೇಲೆ ವೈನಿ ನನ್ನ ಎದುರು ಕೂತರು.

"ಕಡೀ ಹಾಳಿ ಇಲ್ಲಂತ ನನಗ ಮೊದಲ ಗೊತ್ತಿತ್ತರಿ ಅಣ್ಣಾರ," ಎಂದರು. "ತಂದ ದಿನಾನ ನೋಡಿ ಭಾಳ ಸಪ್ಪಗಾಗಿದ್ರು. ಮಾರಿದ್ರ ಹೇಳಿ ಮಾರಬೇಕು, ಹೇಳಿದ್ರ ಅಂವ ಜೀವನಪೂರ್ತಿ ನಗತಾನ ಅಂತಿದ್ರು."

ಹಾಗಾದರೆ ಅಡುಗೆಯವನು, ಡಾಕ್ಟರು, ಕಪ್ತಾನ ಎಂದು ನಾನು ತೊದಲಿದೆ.

"ಯುಗಾದಿ ಬಂತಂದ್ರ ಈ ವರ್ಷ ಯಾರನ್ನ ಕಳ್ಳ ಮಾಡೂಣು ಅಂತ ನನ್ನ ಕೇಳೋರು. ಡಾಕ್ಟರ್ ನಂದ. ತುರುಬಿನಾಗಿನ ವಜ್ರಾನೂ ನಂದ."

"ಗಿಳಿ?"

"ಗಿಳಿ ಅವರದ. ನಾ ಬ್ಯಾಡಂದಿದ್ದೆ."

ಹದಿನೇಳು ದಿನದಲ್ಲಿ ವೈನಿ ಮೊದಲ ಸಲ ನಕ್ಕದ್ದು ಆಗ. ನಗು ಅಲ್ಲೇ ನಿಲ್ಲಲಿಲ್ಲ, ಸೆರಗು ಬಾಯಿಗೆ ಹಿಡಿದುಕೊಳ್ಳಬೇಕಾಯಿತು.

ಆಮೇಲೆ ಧೈರ್ಯ ಮಾಡಿ, ಈಗ ಯಾರಿಗೂ ಬೇಡವಾದ ಪುಸ್ತಕ, ನಾನೇ ಒಯ್ಯಲೇ ಎಂದೆ.

"ಬೆಲಿ ಬರದವರು ತಗೊಳ್ಳಂಗಿಲ್ಲ ಅಂತ ನೀವ ಹೇಳೀರಿ," ಎಂದರು. ದೀಪ ಹಚ್ಚಿದ ಮೇಲೆ ಕೇಳಬಹುದು ಎಂದು ಸಂದು ತೋರಿಸಿದೆ. ಹಾಗಾದರೆ ಈ ಪುಸ್ತಕ ಮಾರಾಟಕ್ಕೇ ಇಲ್ಲ ಎಂದರು. ಸಂದು ಮುಚ್ಚಿತು. "ಆದ್ರ ಬೆಲಿ ಬರದವರು ಮಾರಬಾರದು ಅಂತೇನೂ ಇಲ್ಲಲ? ನಿಮ್ಮ ಮೊದಲನೇ ಭಾಗ ತರ್ರಿ. ಎರಡೂ ಇಲ್ಲೇ ಇರಲಿ."

ಮುಂದಿನ ರವಿವಾರ ಒಯ್ದೆ. ಯಾಕೆ ಒಯ್ದೆನೆಂದು ಮೆಟ್ರೋದಲ್ಲಿ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಎರಡನೆಯದನ್ನು ತರಲು ಹೋದವನು ಮೊದಲನೆಯದನ್ನೂ ಕೊಟ್ಟು ಬರುತ್ತಿದ್ದೆ. ನನ್ನದು ಪೂರ್ತಿ ಮೂವತ್ತೆರಡು ಪುಟ, ಎಂಟು ನೂರು ಎಂದೆ. ವೈನಿ ಪುಟ ಎಣಿಸಿ, ರಟ್ಟಿನ ಮೂಲೆ ಬಾಗಿದ್ದನ್ನು ತೋರಿಸಿ, ಪಿನ್ನಿಗೆ ಜಂಗು ಹತ್ತಿದ್ದನ್ನು ತೋರಿಸಿ, ಮುನ್ನೂರಕ್ಕೆ ಇಳಿಸಿದರು. ಗೆಳೆಯನ ಹತ್ತಿರ ಹದಿನಾರು ವರ್ಷ ಬಗ್ಗದವನು ಅವನ ಹೆಂಡತಿಯ ಮುಂದೆ ಕಾಲು ತಾಸಿನಲ್ಲಿ ಬಗ್ಗಿದೆ.

ಜಮಖಾನೆಯ ಆ ತುದಿಗೆ ಅವರು ಮೊದಲನೇ ಭಾಗ ಹಿಡಿದು ಕೂತರು. ಈ ತುದಿಗೆ ನಾನು ಎರಡನೆಯದು ಹಿಡಿದೆ. ಇಲ್ಲಿ ಬಂದು ಎಷ್ಟು ಸಲವಾದರೂ ಓದಬಹುದು, ಮನೆಗೆ ಮಾತ್ರ ಕೊಡುವುದಿಲ್ಲ ಎಂದು ಹೇಳಿದ್ದರು. ಮೂವತ್ತನೇ ಪುಟದ ಕೊನೆಯ ಚೌಕದಲ್ಲಿ ಕಪ್ತಾನ ಬೆರಳು ಎತ್ತಿ ತೋರಿಸುತ್ತಾನೆ. ಬೆರಳು ಪುಟದ ಅಂಚಿಗೆ ಮುಗಿಯುತ್ತದೆ. ಗಿಳಿ ಎಲ್ಲಿಯೂ ಇರಲಿಲ್ಲ.

ಅವರು ಇನ್ನೂ ಓದುತ್ತಿದ್ದರು. ಕಡೇ ಪುಟಕ್ಕೆ ಬಂದು, ಮತ್ತೆ ಮೊದಲಿನಿಂದ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿಂಬಿಹಣ್ಣಿನ ವ್ಯಾಪಾರಿ ಎಲ್ಲಿ?"

ನಾನು ಇದುವರೆಗೆ ಹೇಳದೆ ಬಿಟ್ಟ ಮಾತು ಇದು. ಗೆಳೆಯ ಸುಳ್ಳು ಕಳ್ಳರನ್ನು ಹೇಳುತ್ತಿದ್ದಂತೆ ನಾನೂ ಒಬ್ಬನನ್ನು ಹುಟ್ಟಿಸಿದ್ದೆ. ಮೊದಲನೇ ಭಾಗದ ಹಡಗಿನಲ್ಲಿ ಆರನೆಯ ಪ್ರಯಾಣಿಕನೊಬ್ಬನಿದ್ದಾನೆ, ಒಂದೇ ಕಣ್ಣಿನ ನಿಂಬೆಹಣ್ಣಿನ ವ್ಯಾಪಾರಿ, ಎರಡನೇ ಭಾಗದಲ್ಲಿ ಅವನ ಸುದ್ದಿಯೇ ಇಲ್ಲವೇನು ಎಂದು ಯಾವಾಗಲೋ ಕೇಳಿದ್ದೆ. ಗೆಳೆಯ ಆಗ ಚಹಾ ಕುಡಿದು ಬೇರೆ ಮಾತು ತೆಗೆದಿದ್ದ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಇಲ್ಲ ವೈನಿ, ಅದು ನಾನು ಸುಮ್ಮನೆ ಹೇಳಿದ್ದು ಎಂದೆ.

"ಹೊರಗ ನಿಮಗ ಯಾರ್ಯಾರನ್ನೋ ಹೇಳತಿದ್ರು. ಮನಿಯಾಗ ಅವರ ಲೆಕ್ಕದಾಗ ಖರೇ ಕಳ್ಳ ಅಂವನ ಇದ್ದ. ಹಾಳಿ ಹರಕೊಂಡು ಓಡಿಹೋಗ್ಯಾನ, ಅದಕ್ಕ ನನ್ನ ಪುಸ್ತಕದಾಗ ಇಲ್ಲ ಅಂತಿದ್ರು. ಹೋಗೂತನಕ ಹಂಗ ತಿಳ್ಕೊಂಡಿದ್ರು."

ನನಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ವೈನಿ ಸೊಂಟದ ಚೀಲದಿಂದ ಹಣ ತೆಗೆದು ಎಣಿಸಿ ಜಮಖಾನೆಯ ಮೇಲೆ ಇಟ್ಟರು. ನೋಡಿದರೆ ಇನ್ನೂರೈವತ್ತು.

"ಒಬ್ಬ ಪ್ರಯಾಣಿಕ ಕಮ್ಮಿ ಬಂದ," ಎಂದರು.

ನಮ್ಮ ರಿವಾಜಿನಲ್ಲಿ ಒಪ್ಪಿದ ಬೆಲೆಯನ್ನು ಆಮೇಲೆ ಮುರಿಯುವಂತಿಲ್ಲ. ಆ ಮಾತನ್ನು ನಾನು ಎತ್ತಲಿಲ್ಲ. ದುಡ್ಡು ತೆಗೆದುಕೊಂಡು, ಇನ್ನೊಂದು ಕಪ್ಪು ಚಹಾ ಕುಡಿದು, ಮಿಯಾಪುರಕ್ಕೆ ಬಂದೆ.