ಹೊರಗಿನಿಂದ ಹಾಕಿದ ಬೀಗ

ವಿದ್ಯುತ್ ಮಗ್ಗಗಳ ಊರು ಇಚಲಕರಂಜಿಯಲ್ಲಿ ಬಾಡಿಗೆಯ ಕೋಣೆ ತೋರಿಸಲು ಮನೆಯೊಡತಿ ಬೀಗ ತೆಗೆದರೆ, ಒಳಗೆ ಒಬ್ಬ ಮನುಷ್ಯ ಮಲಗಿದ್ದ! ನಾನು ಬೆಚ್ಚಿ ಹಿಂದೆ ಸರಿದೆ.

“ಅಂಜಬ್ಯಾಡ ತಮ್ಮಾ, ಇಂವಾ ಮಲ್ಲಪ್ಪ. ಇದ ಖೋಲ್ಯಾಗ ಇರ್ತಾನ. ರಾತ್ರಿಪಾಳಿ ಮುಗಿಸಿ ಬಂದಾನ. ಲೂಮಿನ ಸಪ್ಪಳಕ್ಕ ಕಿವಿ ಮಂದ ಆಗ್ಯಾವ, ಒಳಗಿಂದ ಅಗಳಿ ಹಾಕ್ಕೊಂಡ್ರ, ಎಷ್ಟ ಕದಾ ಬಡದ್ರೂ ಎದ್ದು ತೆಗಿಯಂಗಿಲ್ಲ. ಅದಕ್ಕ ಜೋಡಿದಾರರು ಹೊರಗಿಂದ ಕೀಲಿ ಹಾಕಿ ಹೋಗ್ತಾರ.”

“ವೈರ್ ಸುಟ್ಟು ಬೆಂಕಿ ಹತ್ತಿದ್ರ, ಅಕ್ಕಾರ?”

“ಮನಿಗೆ ವಿಮಾ ಐತಿ.”

“ಮನಿಗೆ ಐತ್ರಿ. ಮಲ್ಲಪ್ಪಗ?”

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ಈ ಪ್ರಶ್ನೆಗೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಆಕೆ ತಿಂಗಳ ಬಾಡಿಗೆ ಎಷ್ಟೆಂದು ಹೇಳತೊಡಗಿದಳು. ಮುಖಕ್ಕೆ ಬೆಳಕು ಬಿದ್ದು ಎದ್ದು ಕೂತ ಮಲ್ಲಪ್ಪನಿಗೂ ಬೆಂಕಿಯ ಮಾತನ್ನೇ ಕೂಗಿ ಹೇಳಿದೆ.

ಅವನು ನಕ್ಕ. “ಬೆಂಕಿ ಎಂದಾರ ಒಮ್ಮೆ ಬಿದ್ದೀತ್ರಿ ಸಾಹೇಬ್ರ. ಕದಾ ತೆರದಿಟ್ರ ಮೊಬೈಲ್ ಇವತ್ತ ಹೋಗತೈತಿ.”

ಹೊರಗಿನಿಂದ ಕೀಲಿಕೈಯಲ್ಲಿ, ಒಳಗಿನಿಂದ ಬರಿಗೈಯಲ್ಲಿ ತೆರೆಯುವ ಬೀಗ ಹಾಕಿಸಿದರೆ ಮೊಬೈಲೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ ಎಂದು ಪಟ್ಟು ಹಿಡಿದೆ. ಆಕೆ ಹಾಕಿಸಿದ ಮೇಲೆಯೇ ಕೋಣೆಗೆ ಬಂದೆ.

ಈಗ ನಮ್ಮ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ. ಆದರೆ ಈ ಓಣಿಯಲ್ಲಿ ಹಗಲು ಹೊತ್ತು ಬೀಗ ಹಾಕಿದ ಬಾಗಿಲು ಕಂಡರೆ, ಒಳಗೆ ಯಾರೂ ಇಲ್ಲ ಎಂದು ನಂಬಲು ನನ್ನಿಂದ ಆಗುತ್ತಿಲ್ಲ.